ಸಣ್ಣ ಟ್ರೈಲರ್‌ಗೆ ಕೈಯಾರೆ ಮಾಡಿದ ಬಾಗಿಲು

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಎಳೆದುಕೊಂಡು ಹೋಗಿ ಒಳಗೆ ಮಲಗುವ ಟ್ರೈಲರ್ ಕಟ್ಟಿದ ಕತೆ ಹೇಳಿ ಅಂತ ಕೂಟದವರು ಕರೆದಾಗ, ಬರೀ ಬಾಗಿಲಿನ ಬಗ್ಗೆ ಮಾತಾಡಲಾ ಅಂತ ಕೇಳಿದೆ. ಮಿಕ್ಕಿದ್ದೆಲ್ಲ ಒಂದು ಮರದ ಪೆಟ್ಟಿಗೆ. ಕಷ್ಟ ಇರುವುದು ಬಾಗಿಲಲ್ಲಿ.

ನಾವಿರುವ ಈ ಅಮೆರಿಕದಲ್ಲಿ 1930ರ ದಶಕದಿಂದಲೂ ಜನ ಕಣ್ಣೀರ ಹನಿಯ ಆಕಾರದ ಪುಟ್ಟ ಟ್ರೈಲರ್‌ಗಳನ್ನು ಮನೆಯಲ್ಲೇ ಕಟ್ಟುತ್ತಿದ್ದಾರೆ. ಒಳಗೆ ಇಬ್ಬರು ಮಲಗಬಹುದು, ಅಷ್ಟೇ. ಅಡುಗೆ ಹಿಂದುಗಡೆ, ಡಿಕ್ಕಿಯಂಥ ಮುಚ್ಚಳ ಎತ್ತಿಕೊಂಡು. ಸಾಮಾನ್ಯ ಅಳತೆ ಅಗಲ 4 ಅಡಿ, ಉದ್ದ 8 ಅಡಿ. ಪ್ಲೈವುಡ್ ಶೀಟಿನ ಅಳತೆಯೂ ಅದೇ. ನಮ್ಮೂರಿನ ಬಡಗಿಯೂ ‘ಎಂಟು ನಾಲ್ಕರ ಶೀಟು’ ಅಂತಲೇ ಕೇಳುತ್ತಾರೆ, ಅಲ್ವಾ?

ನನ್ನ ಮೊದಲ ಬಾಗಿಲಿಗೆ 1 ಇಂಚು ದಪ್ಪದ ಮರದ ಚೌಕಟ್ಟು ಮಾಡಿದೆ. ನಡುವೆ ಫೋಮ್ ತುಂಬಿ, ಎರಡೂ ಕಡೆ 3 ಮಿ.ಮೀ. ಪ್ಲೈವುಡ್ ಅಂಟಿಸಿದೆ. ಅಕ್ಟೋಬರ್‌ನಲ್ಲಿ ಲೇಕ್ ಸುಪೀರಿಯರ್ ಸರೋವರದ ದಡಕ್ಕೆ ಹೋದೆವು. ಬೆಳಗಿನ ಜಾವ ಎಚ್ಚರವಾದಾಗ ದಿಂಬಿನ ಮೂಲೆ ಒದ್ದೆ. ಟಾರ್ಚ್ ಹಾಕಿ ನೋಡಿದೆ. ತಣ್ಣೀರು ತುಂಬಿದ ತಂಬಿಗೆಯ ಹಾಗೆ ಬಾಗಿಲು ಬೆವರಿತ್ತು. ಆದರೆ ಪೂರ್ತಿ ಅಲ್ಲ. ಸುತ್ತಲ ಅಂಚಿನಲ್ಲಿ ಮಾತ್ರ, 2 ಇಂಚು ಅಗಲಕ್ಕೆ, ಚಿತ್ರಕ್ಕೆ ಚೌಕಟ್ಟು ಹಾಕಿದ ಹಾಗೆ ನೀರಿನ ಹನಿಗಳು. ನಡುಭಾಗ ಒಣಗಿತ್ತು.

ಆ ಒದ್ದೆ ಪಟ್ಟಿಯೇ ನನಗೆ ಪಾಠ ಹೇಳಿತು. ಒಳಗಿದ್ದ ಮರದ ಚೌಕಟ್ಟು ಎಲ್ಲೆಲ್ಲಿತ್ತೋ ಅಲ್ಲಲ್ಲೇ ನೀರು ಕೂತಿತ್ತು. ಶಾಖ ತಡೆಯುವ ಶಕ್ತಿಯನ್ನು ಇಲ್ಲಿ ಆರ್-ಮೌಲ್ಯ ಅನ್ನುತ್ತಾರೆ. ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಪಾಲಿಸ್ಟೈರೀನ್ ಫೋಮ್‌ಗೆ ಇಂಚಿಗೆ 5. ನಮ್ಮ ಥರ್ಮಾಕೋಲ್‌ಗೆ ಸುಮಾರು 4. ಮೆದು ಜಾತಿಯ ಮರಕ್ಕೆ ಬರೀ ಒಂದೂಕಾಲು. ನನ್ನ ಬಾಗಿಲು 26 ಇಂಚು ಅಗಲ, 36 ಇಂಚು ಎತ್ತರ. ಸುತ್ತ 2 ಇಂಚು ಅಗಲದ ಮರ ಅಂದರೆ ಬಾಗಿಲಿನ ಕಾಲು ಭಾಗ ಮರವೇ ಆಯಿತು. ಲೆಕ್ಕ ಹಾಕಿದರೆ, ಆ ಕಾಲು ಭಾಗದಿಂದ ಹೊರಗೆ ಹೋಗುವ ಶಾಖ ಮುಕ್ಕಾಲು ಭಾಗದ ಫೋಮ್‌ನಿಂದ ಹೋಗುವುದಕ್ಕೆ ಹೆಚ್ಚುಕಡಿಮೆ ಸಮ. ಇನ್ನೂ ದಪ್ಪ ಫೋಮ್ ಹಾಕಬೇಕಿತ್ತು ಅಂತ ಗೆಳೆಯರು ಹೇಳಿದರು. ಅದರಿಂದ ಅಂಚಿನ ಬೆವರು ನಿಲ್ಲುತ್ತಿರಲಿಲ್ಲ.

ಎರಡನೇ ಬಾಗಿಲಿಗೆ ಚೌಕಟ್ಟಿನ ಮರದ ಅಗಲವನ್ನು 1 ಇಂಚಿಗೆ ಇಳಿಸಿದೆ. ಕೀಲು ಮತ್ತು ಚಿಲಕ ಬರುವ ಕಡೆ ಮಾತ್ರ ಗಟ್ಟಿ ಮರದ ತುಂಡು ಕೂರಿಸಿದೆ. ಒಳಮುಖಕ್ಕೆ, ಆ ಮರದ ಮೇಲೂ ಬರುವ ಹಾಗೆ, ತೆಳು ಫೋಮ್ ಹಾಳೆ ಅಂಟಿಸಿ ಬಟ್ಟೆ ಹೊದಿಸಿದೆ.

ಅಂಟಿನ ವಿಷಯದಲ್ಲಿ ದಯವಿಟ್ಟು ಹುಷಾರು. ಘಾಟು ವಾಸನೆಯ ಸಾಲ್ವೆಂಟ್ ಇರುವ ಕಾಂಟ್ಯಾಕ್ಟ್ ಅಂಟು ಈ ಫೋಮನ್ನು ತಿಂದುಹಾಕುತ್ತದೆ. ಹಚ್ಚಿ ಸ್ವಲ್ಪ ಹೊತ್ತಿಗೆ ಫೋಮ್ ಕುಗ್ಗಿ ಗುಂಡಿ ಬೀಳುತ್ತದೆ. ಪಾಲಿಯುರೆಥೇನ್ ಅಂಟು ಸರಿಹೋಗುತ್ತದೆ. ಒಂದು ಕಡೆ ಅಂಟು ಹಚ್ಚಿ, ಇನ್ನೊಂದು ಕಡೆ ನೀರು ಚಿಮುಕಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ನಾನು ನೀರು ತುಂಬಿದ ಕ್ಯಾನುಗಳನ್ನು ಇಟ್ಟಿದ್ದೆ. ಕೆಳಗಿನ ಮೇಜು ಮಾತ್ರ ನೂರಕ್ಕೆ ನೂರು ಸಪಾಟಾಗಿರಬೇಕು. ಅಂಟು ಒಣಗುವಾಗ ಬಾಗಿಲು ಹೇಗೆ ಮಲಗಿತ್ತೋ, ಕೊನೆಯವರೆಗೂ ಅದೇ ಆಕಾರ.

ಮಲೆನಾಡಿನವರಿಗೆ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಿಡಿದುಕೊಳ್ಳುವುದು ಗೊತ್ತು. ಮರ ನೀರು ಕುಡಿಯುವುದು ಮುಖ್ಯವಾಗಿ ಕಡಿದ ತುದಿಗಳಿಂದ. ಅದಕ್ಕೇ ಅಂಚಿಗೆಲ್ಲ ಎಪಾಕ್ಸಿ, ಅಂದರೆ ಒಣಗಿದರೆ ಗಟ್ಟಿಯಾಗುವ ಅಂಟು, ಬಳಿದೆ. ಸ್ಕ್ರೂ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದೆ. ಇನ್ನು ಬಣ್ಣ. ಒಳಗೂ ಹೊರಗೂ ಒಂದೇ ಸಮ ಬಳಿಯಬೇಕು. ಇಲ್ಲದಿದ್ದರೆ ಒಂದು ಮುಖ ಉಬ್ಬಿ ಬಾಗಿಲು ಬಾಗುತ್ತದೆ.

ಕೀಲು ಯಾವಾಗಲೂ ಮುಂದಿನ ಅಂಚಿಗೆ, ಅಂದರೆ ಕಾರಿನ ಕಡೆಗೆ ಇರಲಿ. ಹೆದ್ದಾರಿಯಲ್ಲಿ ಚಿಲಕ ಬಿಟ್ಟುಕೊಂಡರೂ ಗಾಳಿ ಬಾಗಿಲನ್ನು ಒಳಕ್ಕೇ ತಳ್ಳುತ್ತದೆ. ಹಿಂದಿನ ಅಂಚಿಗೆ ಹಾಕಿದರೆ ಕಿತ್ತುಕೊಂಡೇ ಹೋದೀತು.

ಸಂದಿಗೆ ರಬ್ಬರ್ ಪಟ್ಟಿ ಎರಡು ಸಾಲು ಹಾಕಿ. ಹೊರಗಿನದು ಮಳೆಗೆ, ಒಳಗಿನದು ಗಾಳಿಗೆ. ಹೊರಗಿನ ಪಟ್ಟಿಯನ್ನು ಕೆಳಗಡೆ ಮುಚ್ಚಬೇಡಿ. ಒಳಸೇರಿದ ನೀರು ಇಳಿದುಹೋಗಲು ದಾರಿ ಬೇಕು. ಹೊಸ್ತಿಲು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ.

ಇಷ್ಟೆಲ್ಲ ಬಿಗಿ ಮಾಡಿದ ಮೇಲೆ ಉಸಿರಾಡಲು ಗಾಳಿ ಬೇಕಲ್ಲ. ಇಬ್ಬರು ಮಲಗಿದರೆ ಉಸಿರಿನ ತೇವವೇ ಸಾಕಷ್ಟು. ಚಾವಣಿಯ ಕಿಂಡಿ, ಒಂದು ಕಿಟಕಿ ಎರಡನ್ನೂ ಬೆರಳಗಲ ತೆರೆದಿಡಿ, ಎಷ್ಟೇ ಚಳಿ ಇದ್ದರೂ. ಒಳಗೆ ಸ್ಟೌ ಹಚ್ಚುವುದಂತೂ ಬೇಡವೇ ಬೇಡ. ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇರುವುದಿಲ್ಲ.

ಬಾಗಿಲು ಸರಿಯಾಗಿ ಕೂತಿದೆಯಾ ಅಂತ ನೋಡಲು ಒಂದು ಡಾಲರ್ ನೋಟು ಸಾಕು. ಸಂದಿಯಲ್ಲಿ ನೋಟು ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಹಿಡಿದು ಹಿಡಿದು ಬಂದರೆ ಸರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಗಾಳಿ ಬರುತ್ತದೆ. ಅಂಗೈಯಗಲಕ್ಕೊಂದು ಸಲ ಹೀಗೆ ಸುತ್ತಲೂ ನೋಡಬೇಕು. ಕೀಲಿನ ಕಡೆ, ಕೆಳಗಿನ ಮೂಲೆಯಲ್ಲಿ, ನನ್ನದು ಇನ್ನೂ ಸ್ವಲ್ಪ ಸಡಿಲ ಇದೆ. ಟ್ರೈಲರನ್ನು ಹೊರಗೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದೇನೆ. ಕಾಫಿ ಕುಡಿದು ಬನ್ನಿ, ನೋಟು ನನ್ನ ಜೇಬಲ್ಲಿದೆ.