ಮೊದಲು ಟ್ಯಾಂಕ್ ನೋಡಿ

ಕೇಳುಗರೇ, ನಮಸ್ಕಾರ.

ರೇಡಿಯೊ ಕಂಟ್ರೋಲ್ ಮಾದರಿ ವಿಮಾನ ಹಾರಿಸುವವರ ಬಾಯಲ್ಲಿ ಒಂದು ದೂರು ಇದ್ದೇ ಇರುತ್ತದೆ. ನೆಲದ ಮೇಲೆ ಚೆನ್ನಾಗಿ ಓಡುವ ಇಂಜಿನ್ ಮೇಲೇರಿದ ಕೂಡಲೇ ಕೆಮ್ಮುತ್ತದೆ, ನಿಂತೂ ಬಿಡುತ್ತದೆ. ಆಗ ಎಲ್ಲರ ಕೈ ಹೋಗುವುದು ಕಾರ್ಬುರೇಟರಿನ ನೀಡಲ್ ಕಡೆಗೆ, ಅಂದರೆ ಇಂಧನ ಎಷ್ಟು ಹೋಗಬೇಕೆಂದು ಹೊಂದಿಸುವ ತಿರುಪಿನ ಕಡೆಗೆ. ಸುಮ್ನೆ ಅದನ್ನು ತಿರುಗಿಸಬೇಡಿ. ಎಷ್ಟೋ ಸಲ ತೊಂದರೆ ಇರುವುದು ಟ್ಯಾಂಕಿನಲ್ಲಿ.

ಮೆಥನಾಲ್, ಎಣ್ಣೆ, ಸ್ವಲ್ಪ ನೈಟ್ರೊಮೀಥೇನ್ ಕುಡಿಯುವ ಸಾಮಾನ್ಯ ಗ್ಲೋ ಇಂಜಿನ್‌ಗೆ ಪಂಪ್ ಇರುವುದಿಲ್ಲ. ಇಂಧನವನ್ನು ಕಾರ್ಬುರೇಟರ್ ತಾನೇ ಎಳೆದುಕೊಳ್ಳಬೇಕು. ಸೈಲೆನ್ಸರ್‌ನಿಂದ ಟ್ಯಾಂಕಿಗೆ ಬರುವ ಸಣ್ಣ ಪೈಪು ಹೊಗೆಯ ಒತ್ತಡದಿಂದ ಒಂದಿಷ್ಟು ತಳ್ಳುತ್ತದೆ, ಅಷ್ಟೇ. ಅದಕ್ಕೇ ಟ್ಯಾಂಕ್ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಇಂಜಿನ್ ಕೂರಿಸಿದ ಹಲಗೆಯ ಹಿಂದೆಯೇ, ಆದಷ್ಟು ಹತ್ತಿರ ಇರಲಿ. ಟ್ಯಾಂಕಿನ ನಡುಮಟ್ಟ ನೀಡಲ್ ಮಟ್ಟಕ್ಕೆ, ಇಲ್ಲವೇ 6ರಿಂದ 10 ಮಿಲಿಮೀಟರ್ ಕೆಳಗೆ ಬರಲಿ. ಜಾಸ್ತಿ ಮೇಲಿದ್ದರೆ ಇಂಧನ ತಾನಾಗಿ ಇಳಿದು ಇಂಜಿನ್ ತುಂಬಿಕೊಳ್ಳುತ್ತದೆ. ಜಾಸ್ತಿ ಕೆಳಗಿದ್ದರೆ ಟ್ಯಾಂಕ್ ಖಾಲಿಯಾಗುತ್ತ ಬಂದಂತೆ ಇಂಜಿನ್‌ಗೆ ಇಂಧನ ಸಾಲದೆ ಬಿಸಿಯೇರುತ್ತದೆ.

ಈಗ ಟ್ಯಾಂಕಿನ ಒಳಗೆ. ಇಂಧನ ಎಳೆಯುವ ಮೆತ್ತನೆಯ ಸಿಲಿಕೋನ್ ಪೈಪು, ಅದರ ತುದಿಗೆ ತೂತಿರುವ ಲೋಹದ ಗುಂಡು. ಕ್ಲಂಕ್ ಅಂತಾರೆ. ವಿಮಾನ ಮಗುಚಿದಾಗ ಇಂಧನ ಎತ್ತ ಹೋಗುತ್ತದೋ ಗುಂಡೂ ಅತ್ತ ಬೀಳಬೇಕು. ಪೈಪು ಉದ್ದವಾಗಿ ಗುಂಡು ಹಿಂಗೋಡೆಗೆ ತಾಗಿದರೆ ಅದು ಓಡಾಡುವುದಿಲ್ಲ, 5-6 ಮಿಲಿಮೀಟರ್ ಜಾಗ ಬಿಡಿ. ಟ್ಯಾಂಕ್ ಅಲ್ಲಾಡಿಸಿದರೆ ಟಕ್ ಟಕ್ ಕೇಳಬೇಕು. ವಿಮಾನ ನೆಲಕ್ಕೆ ಜೋರಾಗಿ ಬಡಿದಾಗ ಈ ಪೈಪು ಮುಂದಕ್ಕೆ ಮಡಚಿಕೊಂಡು ಅಲ್ಲೇ ಸಿಕ್ಕಿಕೊಳ್ಳುವುದುಂಟು. ಆಮೇಲೆ ನೋಡಿ ತಮಾಷೆ. ನೆಲದ ಮೇಲೆ ಎಲ್ಲ ಸರಿ, ಮೂತಿ ಮೇಲೆತ್ತಿದರೆ ಇಂಜಿನ್ ಬಂದ್. ಇಂಧನ ಹಿಂದಕ್ಕೆ ಹೋಯಿತು, ಗುಂಡು ಮುಂದೆಯೇ ಉಳಿಯಿತು, ಅಲ್ವಾ!

ಇನ್ನೊಂದು ಕಳ್ಳ, ಗಾಳಿಗುಳ್ಳೆ. ಸಿಲಿಕೋನ್ ಪೈಪು ಸಿಕ್ಕಿಸುವ ಹಿತ್ತಾಳೆ ಕೊಳವೆಯ ತುದಿ ಚೂಪಾಗಿ ಉಳಿದರೆ ಪೈಪನ್ನು ಕುಯ್ಯುತ್ತದೆ. ಇಂಧನದ ಜೊತೆ ಗಾಳಿ ಸೇರಲು ಸೂಜಿಮೊನೆಯಷ್ಟು ತೂತು ಸಾಕು. ಅನುಮಾನ ಬಂದರೆ ಒಂದು ಪೈಪು ಬಿಟ್ಟು ಉಳಿದದ್ದೆಲ್ಲ ಮುಚ್ಚಿ, ಸಿರಿಂಜಿನಿಂದ ಮೆಲ್ಲಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯಲ್ಲಿ ಮಾಡುವ ಹಾಗೆ ನೀರಿನಲ್ಲಿ ಮುಳುಗಿಸಿ. ಟ್ಯಾಂಕಿನ ಸುತ್ತ ಸ್ಪಂಜು ಸುತ್ತುವುದೂ ಇದೇ ಕಾರಣಕ್ಕೆ. ಇಂಜಿನ್ನಿನ ಅದುರಾಟಕ್ಕೆ ಇಂಧನ ನೊರೆಯಾಗಬಾರದು.

ಟ್ಯಾಂಕ್ ಸರಿಯಿದ್ದೂ ನೀಡಲ್ ತಿರುಗಿಸಬೇಕಾಗುವ ಸಂದರ್ಭವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಅದೇ ವಿಮಾನ ಮಂಗಳೂರಿಗೆ ಹೋದರೆ ನೀಡಲ್ ಸ್ವಲ್ಪ ತೆರೆಯಬೇಕಾಗುತ್ತದೆ. ಪೆಟ್ರೋಲ್ ಇಂಜಿನ್ ಇರುವವರು ಮಾತ್ರ ಸಿಲಿಕೋನ್ ಪೈಪು ಹಾಕಬೇಡಿ, ಪೆಟ್ರೋಲಿಗೆ ಅದು ಊದಿ ಹಾಳಾಗುತ್ತದೆ.

ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಖಾಲಿ ಮಾಡಲು ಪೈಪಿಗೆ ಬಾಯಿ ಇಟ್ಟು ಎಳೆಯಲೇಬೇಡಿ, ಅದು ವಿಷ. ಬೆಂಕಿಯಿಂದಲೂ ದೂರವಿಡಿ. ಮೆಥನಾಲ್ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.