ಮಾಗಿದ ಎಲೆಯ ರುಚಿ: ಮದೂರೋ ಸಿಗಾರನ್ನು ಪರೀಕ್ಷಿಸುವ ಬಗೆ

ಸಭಿಕರಿಗೆ ನಮಸ್ಕಾರ.

ಕಾಫಿಯ ರುಚಿ ನೋಡುವುದನ್ನೇ ಕಸುಬಾಗಿ ಮಾಡಿಕೊಂಡಿರುವ ನನ್ನನ್ನು ಸಿಗಾರಿನ ಬಗ್ಗೆ ಮಾತನಾಡಲು ಕರೆದಾಗ ತುಸು ಹಿಂಜರಿದೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಸಿಗಾರಿನಿಂದ ಬಾಯಿ, ಗಂಟಲುಗಳ ಕ್ಯಾನ್ಸರಿನ ಅಪಾಯ ಇದ್ದೇ ಇದೆ; ಇದನ್ನು ಹೇಳಿಯೇ ಮುಂದುವರಿಯುತ್ತೇನೆ. ಆದರೂ ಬರಲು ಒಪ್ಪಿದ್ದೇಕೆಂದರೆ, ರುಚಿಪರೀಕ್ಷೆಯಲ್ಲಿ ಕಣ್ಣು ನಾಲಿಗೆಗೆ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಮದೂರೋ ಸಿಗಾರಿಗಿಂತ ಒಳ್ಳೆಯ ನಿದರ್ಶನ ನನಗೆ ಬೇರೆ ಸಿಕ್ಕಿಲ್ಲ.

ಮದೂರೋ ಎಂದರೆ ಸ್ಪ್ಯಾನಿಷಿನಲ್ಲಿ ಮಾಗಿದ್ದು ಎಂದರ್ಥ. ಸಿಗಾರಿನ ಹೊರಗೆ ಸುತ್ತುವ ಎಲೆಯನ್ನು ರಾಶಿ ಹಾಕಿ, ಅದರ ತೇವ ಮತ್ತು ತೂಕದಿಂದಲೇ ಕಾವೇರಲು ಬಿಟ್ಟು, ಕಾವು ಮಿತಿ ಮೀರುವ ಮುನ್ನ ರಾಶಿಯನ್ನು ಕೆಡವಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ತಿಪ್ಪೆಯೊಳಗೆ ಕೈಯಿಟ್ಟು ಅದರ ಬಿಸಿ ಕಂಡವರಿಗೆ ಈ ಕ್ರಿಯೆ ಹೊಸದಲ್ಲ. ಸಾಧಾರಣ ಎಲೆಗಿಂತ ಹೆಚ್ಚು ಕಾಲ, ಹೆಚ್ಚು ಕಾವಿನಲ್ಲಿ ಹೀಗೆ ಹುದುಗಿದ ದಪ್ಪ ಎಲೆ ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಅದೇ ಬಣ್ಣವನ್ನು ಎಲೆಗೆ ಹಬೆ ಕೊಟ್ಟು ಬೇಯಿಸಿಯೂ ತರಿಸಬಹುದು, ಬಳಿದೂ ತರಿಸಬಹುದು, ತರಿಸುವವರೂ ಇದ್ದಾರೆ. ಒದ್ದೆ ಬೆರಳಿನಿಂದ ಉಜ್ಜಿದಾಗ ಬೆರಳಿಗೆ ಗಾಢವಾಗಿ ಬಣ್ಣ ಹತ್ತಿದರೆ ಅನುಮಾನಪಡುವುದು ಒಳ್ಳೆಯದು.

ಇಂದಿನ ಮಾತಿಗೆ ಪಾದ್ರೋನ್ 1964 ಆನಿವರ್ಸರಿ ಸರಣಿಯ ಎಕ್ಸ್‌ಕ್ಲೂಸಿವೋ ಮದೂರೋವನ್ನು ಆರಿಸಿಕೊಂಡಿದ್ದೇನೆ. ಕ್ಯೂಬಾದ ಪಿನಾರ್ ದೆಲ್ ರಿಯೋ ಪ್ರಾಂತ್ಯದ ಹೊಗೆಸೊಪ್ಪಿನ ಕುಟುಂಬದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟ ಹೊಸೆ ಒರ್ಲಾಂಡೋ ಪಾದ್ರೋನ್ 1964ರಲ್ಲಿ ಮಯಾಮಿಯಲ್ಲಿ ಆರಂಭಿಸಿದ ಉದ್ಯಮವಿದು. ಮುಂದೆ ಅದು ನಿಕರಾಗುವಾದ ಎಸ್ತೆಲಿಗೆ ಬಂತು. 1978ರ ಅಂತರ್ಯುದ್ಧದ ಗಲಭೆಯಲ್ಲಿ ಅಲ್ಲಿನ ಕಾರ್ಖಾನೆ ಸುಟ್ಟುಹೋಯಿತು. 1985ರಲ್ಲಿ ಅಮೆರಿಕ ನಿಕರಾಗುವಾದ ಸರಕಿಗೆ ನಿರ್ಬಂಧ ಹೇರಿತು. ಇಷ್ಟನ್ನು ದಾಟಿ ಬಂದ ಸಂಸ್ಥೆ ತನ್ನ ಮೂವತ್ತನೆಯ ವರ್ಷದ ನೆನಪಿಗೆ 1994ರಲ್ಲಿ ಈ ಸರಣಿಯನ್ನು ತಂದಿತು. ಒಳಗಿನ ಎಲೆ, ಹೊರಗಿನ ಎಲೆ ಎಲ್ಲವೂ ನಿಕರಾಗುವಾದವೇ. ಉದ್ದ ಐದೂವರೆ ಇಂಚು, ದಪ್ಪ 50 ರಿಂಗ್, ಅಂದರೆ ಇಂಚಿನ 64 ಭಾಗಗಳಲ್ಲಿ 50. ಒತ್ತಿ ಚಪ್ಪಟೆಯಾಗಿಸಿದ ನಾಲ್ಕು ಮೈ.

ಇದರ ಎಲೆಗೆ ನಾಲ್ಕು ವರ್ಷ ವಯಸ್ಸು ಎಂದು ತಯಾರಕರು ಹೇಳುತ್ತಾರೆ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸುರುಳಿ ಸುತ್ತುವ ಮುನ್ನ ಮೂಟೆಯಲ್ಲಿ ಎಲೆ ಕಳೆದ ಕಾಲ ಬೇರೆ, ಸುತ್ತಿದ ಮೇಲೆ ಪೆಟ್ಟಿಗೆಯಲ್ಲಿ ಸಿಗಾರ್ ಕಳೆದ ಕಾಲ ಬೇರೆ. ಮೊದಲನೆಯದರಲ್ಲಿ ಎಲೆಯ ಪ್ರೋಟೀನು ಒಡೆದು ಹುಟ್ಟಿದ ಅಮೋನಿಯಾ ಹಾರಿಹೋಗುತ್ತದೆ, ಒಗರು ತಗ್ಗುತ್ತದೆ. ಎರಡನೆಯದರಲ್ಲಿ, ಸುಮಾರು ಶೇ. 65ರಿಂದ 70ರ ತೇವಾಂಶದಲ್ಲಿ, ಬೇರೆ ಬೇರೆ ಎಲೆಗಳ ಗುಣ ಒಂದರೊಳಗೊಂದು ಬೆರೆಯುತ್ತದೆ. ಎರಡನೆಯ ವಯಸ್ಸು ಮೊದಲನೆಯದರ ಕೊರತೆಯನ್ನು ಪೂರ್ತಿ ತುಂಬಲಾರದು ಎಂಬುದು ನನ್ನ ಅಭಿಪ್ರಾಯ. ಬಲಿಯದ ಕಾಯಿಯನ್ನೇ ಕಿತ್ತು ಭತ್ತದ ಹುಲ್ಲಿನಲ್ಲಿ ಎಷ್ಟು ದಿನ ಹೂತಿಟ್ಟರೇನು?

ಪರೀಕ್ಷೆಯನ್ನು ಹಚ್ಚುವ ಮುನ್ನವೇ ಶುರುಮಾಡಬೇಕು. ಬೆರಳಿನಿಂದ ಉದ್ದಕ್ಕೂ ಮೆಲ್ಲನೆ ಅದುಮಿದರೆ ಟೊಳ್ಳು, ಗಂಟು ತಿಳಿಯುತ್ತವೆ. ಬಾಯಿಗಿಡುವ ತುದಿಯನ್ನು ಮುಚ್ಚಿರುವ ಎಲೆಯ ಟೋಪಿಯನ್ನು ಎರಡು ಮಿಲಿಮೀಟರಿನಷ್ಟು ಮಾತ್ರ ಕತ್ತರಿಸಿ, ಹಚ್ಚದೆಯೇ ಒಮ್ಮೆ ಗಾಳಿ ಎಳೆದು ನೋಡಬೇಕು: ಈ ತಣ್ಣನೆಯ ಎಳೆತದಲ್ಲಿ ಒಣದ್ರಾಕ್ಷಿ, ಹಳೆಯ ಮರದ ಪೆಟ್ಟಿಗೆ ಇಂಥ ವಾಸನೆಗಳು ಸಿಗುತ್ತವೆ. ಹಚ್ಚುವಾಗ ಉರಿಯನ್ನು ದೂರ ಹಿಡಿದು ಬುಡದ ಅಂಚನ್ನು ಕಾಯಿಸಬೇಕು. ಆಮೇಲೆ ನಿಮಿಷಕ್ಕೊಂದು ಎಳೆತ ಸಾಕು. ಅವಸರಪಟ್ಟರೆ ಕೆಂಡದ ಕಾವೇರಿ ಎಲ್ಲವೂ ಸೀದು ಕಮರುತ್ತದೆ, ತಪ್ಪು ಸೇದಿದವರದು, ದೂರು ಸಿಗಾರಿನ ಮೇಲೆ.

ಮದೂರೋದ ಸಿಹಿಯ ಬಗ್ಗೆ ಎಲ್ಲರೂ ಹೇಳುವುದು ಒಂದೇ: ಹುದುಗಿದಾಗ ಎಲೆಯಲ್ಲಿ ಸಕ್ಕರೆ ಹೆಚ್ಚುತ್ತದೆ ಎಂದು. ನಿಜ ತಿರುವುಮುರುವಾಗಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಲ್ಲಿ ಬೆಂಕಿಯ ಕಾವು ಕೊಟ್ಟು ಸುಮಾರು ಒಂದು ವಾರದೊಳಗೆ ಒಣಗಿಸುವ, ಸಿಗರೇಟಿಗೆ ಹೋಗುವ ವರ್ಜೀನಿಯಾ ಸೊಪ್ಪಿನಲ್ಲಿ ಸಕ್ಕರೆ ಹಾಗೆಯೇ ಉಳಿದುಕೊಳ್ಳುತ್ತದೆ. ಸಿಗಾರಿನ ಎಲೆ ವಾರಗಟ್ಟಲೆ ಗಾಳಿಯಲ್ಲಿ ತೂಗಾಡುತ್ತ ಒಣಗುವಾಗ, ಇನ್ನೂ ಜೀವವಿರುವ ಎಲೆಯೇ ತನ್ನ ಸಕ್ಕರೆಯನ್ನು ಉಂಡು ಮುಗಿಸುತ್ತದೆ. ಆದ್ದರಿಂದಲೇ ಸಿಗರೇಟಿನ ಹೊಗೆ ಆಮ್ಲದ ಕಡೆಗೆ, ಸಿಗಾರಿನ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರದ ಹೊಗೆಯ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುವುದರಿಂದ ಒಳಗೆಳೆಯುವ ಅಗತ್ಯವೇ ಇಲ್ಲ. ಹಾಗಾದರೆ ನಮಗೆ ತೋರುವ ಆ ಸಿಹಿ? ಅದು ಹೆಚ್ಚಾಗಿ ಮೂಗಿನದು. ಹುರಿದ ಕಾಫಿಬೀಜದಲ್ಲಿಯೂ ಸಕ್ಕರೆ ಬಹುಪಾಲು ಸುಟ್ಟುಹೋಗಿರುತ್ತದೆ, ಆದರೂ ನಾವು ಕ್ಯಾರಮೆಲ್ ಎಂದು ಬರೆದುಕೊಳ್ಳುತ್ತೇವೆ.

ಹೀಗಾಗಿ ನಿಜವಾದ ಪರೀಕ್ಷೆ ಮೂಗಿನಲ್ಲಿಯೇ ಆಗಬೇಕು. ಬಾಯಿಯಲ್ಲಿರುವ ಹೊಗೆಯನ್ನು ಬಹುಪಾಲು ಹೊರಬಿಟ್ಟು, ಉಳಿದ ಸ್ವಲ್ಪವನ್ನು ಗಂಟಲಿನ ಹಿಂಭಾಗದಿಂದ ಮೂಗಿನ ಮೂಲಕ ಬಿಡಬೇಕು. ಮಾಗದ ಎಲೆಯಾದರೆ ಅಮೋನಿಯಾ ಮೂಗನ್ನು ಕೊರೆದು ಕಣ್ಣಲ್ಲಿ ನೀರು ಬರಿಸುತ್ತದೆ; ಮಾಗಿದ್ದರಲ್ಲಿ ಕಾಳುಮೆಣಸಿನ ಚುರುಕು ಇದ್ದರೂ ಇರಿತವಿರುವುದಿಲ್ಲ. ನಮ್ಮ ಸಿಗಾರಿನ ಮೊದಲ ಮೂರನೇ ಒಂದು ಭಾಗದಲ್ಲಿ ನನಗೆ ಕಂಡದ್ದು ಆ ಮೆಣಸು, ಜೊತೆಗೆ ಹುರಿಗಡಲೆಯ ಘಮ. ನಡುವೆ ಕೋಕೋ, ಕಡು ಕಷಾಯದಂಥ ಕಾಫಿ, ಮಲೆನಾಡಿನ ಜೋನಿಬೆಲ್ಲ. ಲೆದರ್, ಸೀಡರ್ ಎಂಬ ಪರದೇಶದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವ ಬದಲು ತಾನು ಉಂಡುಬೆಳೆದ ವಾಸನೆಗಳನ್ನು ಹೆಸರಿಸುವುದು ಹೆಚ್ಚು ಪ್ರಾಮಾಣಿಕ.

ಉರಿ ಓರೆಯಾದರೆ ಕಾರಣ ಹುಡುಕಬೇಕು. ನಿಧಾನವಾಗಿ ಉರಿಯುವ ಲಿಹೇರೋ ಎಂಬ, ಗಿಡದ ಮೇಲ್ತುದಿಯ ಖಾರದ ಎಲೆಯನ್ನು ನಟ್ಟನಡುವೆ ಇಡದೆ ಪಕ್ಕಕ್ಕೆ ಸರಿಸಿ ಸುತ್ತಿದ್ದರೆ ಒಂದು ಮಗ್ಗುಲು ಹಿಂದೆ ಬೀಳುತ್ತದೆ. ಇದು ಸುತ್ತಿದವರ ತಪ್ಪು. ಮದೂರೋದ ಜಿಡ್ಡುಳ್ಳ ದಪ್ಪ ಹೊರಎಲೆ ಮಾತ್ರ ತುಸು ತಡವರಿಸಿದರೆ ಅದು ಎಲೆಯ ಸ್ವಭಾವ, ಅದಕ್ಕೆ ನಾನು ಅಂಕ ಕಳೆಯುವುದಿಲ್ಲ.

ಕೊನೆಯ ಭಾಗದಲ್ಲಿ ಡಾಂಬರು, ನಿಕೋಟಿನ್ ಎಲ್ಲವೂ ಹಿಂದಕ್ಕೆ ಸರಿದು ತುಂಡಿನಲ್ಲಿ ಮಡುಗಟ್ಟುತ್ತವೆ. ವಯಸ್ಸಿನ ಜಂಬ ಬಯಲಾಗುವ ಜಾಗ ಇದು. ಇಲ್ಲಿಯೂ ಕಹಿ ಕೋಕೋದ ಮೇರೆ ದಾಟದೆ, ಬಾಯಿ ಒಣಗಿಸದೆ ಉಳಿದದ್ದಕ್ಕೇ ನಾನು ಈ ಸಿಗಾರಿಗೆ 100ಕ್ಕೆ 93 ಕೊಟ್ಟೆ.

ಈ ಅಂಕ ಕೊಟ್ಟ ಕೆಲವು ತಿಂಗಳ ನಂತರ ಗೆಳೆಯರೊಬ್ಬರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಇದೇ ಸಿಗಾರನ್ನೂ ಇದೇ ಸರಣಿಯ ತಿಳಿಬಣ್ಣದ ನ್ಯಾಚುರಲ್ಲನ್ನೂ ಒಂದಾದ ಮೇಲೊಂದು ಕೈಗಿತ್ತರು. ಎರಡನೆಯದಕ್ಕೆ ನಾನು ಧೈರ್ಯವಾಗಿ ‘ಜೋನಿಬೆಲ್ಲ, ಮದೂರೋ’ ಎಂದು ಬರೆಸಿದೆ. ಬಟ್ಟೆ ಬಿಚ್ಚಿದಾಗ ಕೈಯಲ್ಲಿದ್ದದ್ದು ನ್ಯಾಚುರಲ್.