ಬಸ್ ನಿಲ್ದಾಣದವರೆಗಿನ ಹಾದಿ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಬಂದವು. ಕಾಗದದ ಮೇಲೆ ಊರು ಒಂದಾಯಿತು, ನಡುವಿನ ಸುಮಾರು 20 ಕಿಲೋಮೀಟರ್ ದೂರ ಮಾತ್ರ ಹಾಗೆಯೇ ಉಳಿಯಿತು. ದೊಡ್ಡ ಮಾರುಕಟ್ಟೆ, ರೈಲ್ವೆ ವಲಯದ ಕಚೇರಿ, ಕಿಮ್ಸ್ ಆಸ್ಪತ್ರೆಗಳು ಹುಬ್ಬಳ್ಳಿಯಲ್ಲಿವೆ. ವಿಶ್ವವಿದ್ಯಾಲಯಗಳು, ಜಿಲ್ಲಾಧಿಕಾರಿಗಳ ಕಚೇರಿ, ಹೈಕೋರ್ಟಿನ ಪೀಠ ಧಾರವಾಡದಲ್ಲಿವೆ. ಬೇರೆ ಊರುಗಳಲ್ಲಿ ಬೆಳಿಗ್ಗೆ ಜನರೆಲ್ಲ ಪೇಟೆಯ ಕಡೆಗೇ ಹೊರಟು, ಬಸ್ಸು ಹಿಂದಿರುಗುವಾಗ ಖಾಲಿ ಬರುತ್ತದೆ. ಇಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೂ ಧಾರವಾಡದಿಂದ ಹುಬ್ಬಳ್ಳಿಗೂ ಜನ ಹೊರಟಿರುತ್ತಾರೆ. ಬಸ್ ಸಾರಿಗೆಗೆ ಇದಕ್ಕಿಂತ ಹದವಾದ ನೆಲ ಸಿಗುವುದು ಅಪರೂಪ.

ಆ ನೆಲದ ಮೇಲೆ ಬೆಳೆದದ್ದೇ ನಾವು ಬಿ.ಆರ್.ಟಿ.ಎಸ್. ಎಂದು ಕರೆಯುವ ತ್ವರಿತ ಬಸ್ ವ್ಯವಸ್ಥೆ. ರಸ್ತೆಯ ನಟ್ಟನಡುವೆ ಬಸ್ಸಿಗೆಂದೇ ಮೀಸಲಾದ, ಸುಮಾರು 22 ಕಿಲೋಮೀಟರ್ ಉದ್ದದ ಹಾದಿ ಅದು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಬಸ್ಸುಗಳು ಓಡತೊಡಗಿದವು. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಬಸ್ಸಿಗೆ ಇಟ್ಟ ಹೆಸರು ಚಿಗರಿ, ಅಂದರೆ ಜಿಂಕೆ. ಸರ್ಕಾರಿ ಯೋಜನೆಗಳಿಗೆ ಇಡುವ ಹೆಸರುಗಳಲ್ಲಿ ಊರಿನ ಬಾಯಿಗೆ ಹತ್ತುವಂಥವು ಕಡಿಮೆ, ಇದು ಹತ್ತಿತು. ಇಂದು ಯಾರೂ ಬಿ.ಆರ್.ಟಿ.ಎಸ್. ಬಸ್ಸಿಗೆ ಬಂದೆ ಎನ್ನುವುದಿಲ್ಲ, ಚಿಗರಿಗೆ ಬಂದೆ ಎನ್ನುತ್ತಾರೆ.

ಈ ವ್ಯವಸ್ಥೆಯ ಗುಣ ಬಸ್ಸಿನ ವೇಗದಲ್ಲಿ ಇದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹುಬ್ಬಳ್ಳಿಯ ಉಣಕಲ್ಲಿನ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಅದು ಬೇರೆಡೆಯೂ ಇದೆ ಎಂಬುದು ಗೊತ್ತಾಗುತ್ತದೆ. ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರಕ್ಕೆ ಇರುತ್ತದೆ. ಮಂಡಿನೋವಿನ ಅಜ್ಜಿಯೊಬ್ಬರು ಕಂಬಿ ಹಿಡಿದು, ಸೀರೆಯ ನೆರಿಗೆ ಎತ್ತಿ, ಒಂದು ಕಾಲು ಮೇಲಿಟ್ಟು, ಕೈಚೀಲವನ್ನು ಮೇಲಿನವರ ಕೈಗೆ ಕೊಟ್ಟು ಹತ್ತುವಷ್ಟರಲ್ಲಿ ಹಿಂದಿನವರು ಗೊಣಗತೊಡಗಿರುತ್ತಾರೆ. ಚಿಗರಿಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿವೆ. ಅದೇ ಅಜ್ಜಿ ಪಡಸಾಲೆಯಿಂದ ನಡುಮನೆಗೆ ಹೋದಂತೆ ಒಳಗೆ ನಡೆದುಬಿಡುತ್ತಾರೆ. ಟಿಕೆಟ್ಟನ್ನು ನಿಲ್ದಾಣದಲ್ಲಿಯೇ ಪಡೆದಿರುವುದರಿಂದ ನಿರ್ವಾಹಕರಿಗಾಗಿ ಬಸ್ಸು ಕಾಯಬೇಕಾಗಿಲ್ಲ. ಹತ್ತುವಾಗ ಒಬ್ಬೊಬ್ಬರಿಗೆ ಎರಡು ಸೆಕೆಂಡು ಉಳಿದರೂ 30 ಜನಕ್ಕೆ ಒಂದು ನಿಮಿಷ ಉಳಿಯಿತು. ಇಂಜಿನ್ನಿನ ಶಕ್ತಿಯಿಂದ ಬಾರದ ವೇಗ ಈ ಕಟ್ಟೆಯ ಎತ್ತರದಿಂದ ಬಂದಿದೆ.

ಇನ್ನು ಮೀಸಲು ಪಥದ ಮೇಲಿರುವ ದೊಡ್ಡ ಆಕ್ಷೇಪಣೆಗೆ ಬರೋಣ. ಪಕ್ಕದ ರಸ್ತೆಯಲ್ಲಿ ಕಾರು, ಬೈಕು, ಆಟೊಗಳು ಒತ್ತೊತ್ತಾಗಿ ನಿಂತಿರುವಾಗ ನಡುವಿನ ಪಥ ಖಾಲಿ ಬಿದ್ದಿರುತ್ತದೆ, ಅದನ್ನು ಎಲ್ಲರಿಗೂ ತೆರೆಯಬಾರದೇಕೆ ಎಂಬುದು ಆ ಆಕ್ಷೇಪಣೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಎರಡು ನಿಮಿಷಕ್ಕೆ ಒಂದರಂತೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಸ್ಸುಗಳು ಓಡುತ್ತಿವೆ ಎಂದಿಟ್ಟುಕೊಳ್ಳೋಣ. ಆಗ ಒಂದು ಬಸ್ಸಿಗೂ ಅದರ ಹಿಂದಿನ ಬಸ್ಸಿಗೂ ನಡುವೆ 1,300 ಮೀಟರಿಗಿಂತ ಹೆಚ್ಚು ಅಂತರವಿರುತ್ತದೆ. ಹಾಗಾಗಿ ಕಾರಿನೊಳಗೆ ಸಿಕ್ಕಿಕೊಂಡವರ ಕಣ್ಣಿಗೆ ಬೀಳುವುದು ಬರೀ ಖಾಲಿ ರಸ್ತೆಯೇ. ಬಸ್ಸಿಗೆ 60 ಜನರಂತೆ ಆ ಖಾಲಿ ರಸ್ತೆ ಗಂಟೆಗೆ ಒಂದೇ ದಿಕ್ಕಿನಲ್ಲಿ 1,800 ಜನರನ್ನು ದಾಟಿಸುತ್ತಿರುತ್ತದೆ. ಆ 60 ಜನ ಕಾರಿಗೆ ಒಂದೂವರೆ ಜನರ ಲೆಕ್ಕದಲ್ಲಿ ಹೊರಟರೆ 40 ಕಾರುಗಳು ಬೇಕು. ಸಿಗ್ನಲ್ಲಿನಲ್ಲಿ ಅವು ಒಂದರ ಹಿಂದೊಂದು ನಿಂತರೆ ಸಾಲು ಸುಮಾರು 280 ಮೀಟರ್ ಉದ್ದವಾಗುತ್ತದೆ. ತುಂಬಿ ಕಾಣುವ ರಸ್ತೆ ಕೆಲಸ ಮಾಡುತ್ತಿದೆ, ಖಾಲಿ ಕಾಣುವ ರಸ್ತೆ ಸೋಮಾರಿಯಾಗಿದೆ ಎಂಬ ನಮ್ಮ ಕಣ್ಣಿನ ತೀರ್ಪು ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ.

ಈ ತೀರ್ಪಿಗೆ ಬಲಿಯಾದ ಪಥಗಳೂ ಇವೆ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ತೆರೆದ 5.8 ಕಿಲೋಮೀಟರಿನ ಬಸ್ ಪಥವನ್ನು 2016ರಲ್ಲಿ ಕಿತ್ತುಹಾಕಲಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ 2019ರ ಅಕ್ಟೋಬರಿನಲ್ಲಿ ಬಸ್ ಆದ್ಯತಾ ಪಥ ಬಂತು. ಮುಂದೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಉಳಿಯಲಿಲ್ಲ. ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲಿಯೇ, ರಸ್ತೆಯನ್ನು ವಾಹನಗಳ ಲೆಕ್ಕದಲ್ಲಿ ಅಲ್ಲ, ಜನರ ಲೆಕ್ಕದಲ್ಲಿ ಹಂಚಬೇಕು ಎಂದಿತ್ತು. ನೀತಿ ಬರೆದವರಿಗೆ ಅರ್ಥವಾದದ್ದು ಸಿಗ್ನಲ್ಲಿನಲ್ಲಿ ನಿಂತವರಿಗೆ ಅರ್ಥವಾಗುವುದು ಕಷ್ಟ.

ಇಷ್ಟೆಲ್ಲ ಹೊಗಳಿದ ಮೇಲೆ ಚಿಗರಿಯ ಕೊರತೆಯನ್ನೂ ಹೇಳಬೇಕು. ಅದು ಬಸ್ಸಿನೊಳಗೆ ಇಲ್ಲ, ಪಥದಲ್ಲಿಯೂ ಇಲ್ಲ. ಮನೆಯ ಬಾಗಿಲಿನಿಂದ ನಿಲ್ದಾಣದವರೆಗಿನ ಹಾದಿಯಲ್ಲಿದೆ. ಬಸ್ಸು ಹವಾನಿಯಂತ್ರಿತ, ಓಟ ಸಲೀಸು. ಆದರೆ ನಿಲ್ದಾಣ ಇರುವುದು ರಸ್ತೆಯ ಮಧ್ಯದಲ್ಲಿ; ಅಲ್ಲಿಗೆ ಹೋಗಬೇಕಾದರೂ ಅಲ್ಲಿಂದ ಬರಬೇಕಾದರೂ ಅರ್ಧ ರಸ್ತೆ ದಾಟಲೇಬೇಕು. ಅದಕ್ಕೂ ಮೊದಲು ಬಡಾವಣೆಯೊಳಗಿನಿಂದ ಅರ್ಧ, ಒಂದು ಕಿಲೋಮೀಟರ್ ನಡೆಯಬೇಕು. ನಮ್ಮ ಪಾದಚಾರಿ ಮಾರ್ಗಗಳು ಹೇಗಿವೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಪಾದಚಾರಿ ಮಾರ್ಗದ ಎತ್ತರ 15 ಸೆಂಟಿಮೀಟರ್ ಮೀರಬಾರದು, ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ನಮ್ಮಲ್ಲಿ ಬಹಳ ಕಡೆ ಪಾದಚಾರಿ ಮಾರ್ಗವೆಂದರೆ ಗಟಾರದ ಮೇಲೆ ಹಾಸಿದ ಚಪ್ಪಡಿ. ಗಟಾರ ಎಷ್ಟು ಎತ್ತರವೋ ಮಾರ್ಗವೂ ಅಷ್ಟು ಎತ್ತರ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಸಲು ಅದನ್ನು ಕತ್ತರಿಸಿರುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ಇಳಿದು ಮತ್ತೆ ಹತ್ತಬೇಕು. ನಡುವೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಮಿರ್ಚಿ ಗಾಡಿ. ಗಾಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಸಂಜೆ ಬೀದಿಗೆ ಬೆಳಕು, ಜನ, ಧೈರ್ಯ ಕೊಡುವವರೇ ಅವರು. ನಕ್ಷೆ ಬರೆದವರು ಅವರಿಗೊಂದು ಜಾಗ ಬಿಡಬೇಕಿತ್ತು. ಅಂತೂ ಎಲ್ಲರೂ ರಸ್ತೆಗಿಳಿದು ನಡೆಯುತ್ತಾರೆ. ಒಂದೆರಡು ಸಲ ನಡೆದವರು ಮೂರನೆಯ ಸಲ ಸ್ಕೂಟರಿನ ಕೀಲಿ ಹುಡುಕುತ್ತಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳ ಟಿಕೆಟ್ಟಿನ ಅಡ್ಡಿಯನ್ನು ತೆಗೆಯಿತು. ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಗೆ ನಡೆಯುವ ಅಡ್ಡಿಯನ್ನು ತೆಗೆಯಬೇಕಾದದ್ದು ಬೀದಿದೀಪ ಮತ್ತು ಪಾದಚಾರಿ ಮಾರ್ಗ.

ಇದು ಆಗದ ಕೆಲಸವೇನೂ ಅಲ್ಲ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್ ಶ್ಯೂರ್ ಯೋಜನೆಯಡಿ ಹೊಸದಾಗಿ ಕಟ್ಟಿದಾಗ ವಾಹನದ ಪಥಗಳಿಗೆ ಉದ್ದಕ್ಕೂ ಒಂದೇ ಅಗಲ ಗೊತ್ತುಮಾಡಿ, ಉಳಿದ ಜಾಗವನ್ನು ನಡೆಯುವವರಿಗೆ ಕೊಟ್ಟರು. ನೀರು, ವಿದ್ಯುತ್, ಕೇಬಲ್ಲುಗಳನ್ನು ಅದರ ಕೆಳಗಿನ ಕೊಳವೆಗಳಲ್ಲಿ ಹಾಯಿಸಿದರು. ಮತ್ತೆ ಮತ್ತೆ ಅಗೆಯುವ ಕಾರಣವೇ ಕಡಿಮೆಯಾಯಿತು. ಅದು ದುಬಾರಿ ಎಂಬ ಟೀಕೆ ಸುಳ್ಳಲ್ಲ. ಊರಿನ ಎಲ್ಲ ಬೀದಿಗಳಿಗೂ ಆ ವೈಭವ ಬೇಕಿಲ್ಲ. ಚಿಗರಿ ನಿಲ್ದಾಣಗಳ ಸುತ್ತ ಅರ್ಧ ಕಿಲೋಮೀಟರಿನ ಬೀದಿಗಳಲ್ಲಿ ಸಮತಟ್ಟಾದ, ಸತತವಾದ ಹಾದಿ ಇದ್ದರೆ ಸಾಕು.

ಅದಕ್ಕಿಂತ ದೂರದವರಿಗೆ ಸೈಕಲ್ ಇದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಸುಮಾರು 450 ಸೈಕಲ್ಲು, 48 ನಿಲುಗಡೆಗಳೊಂದಿಗೆ ಆರಂಭವಾದ ಟ್ರಿಣ್ ಟ್ರಿಣ್ ಯೋಜನೆ, ಬಾಡಿಗೆ ಸೈಕಲ್ಲನ್ನು ಜನ ಬಳಸುತ್ತಾರೆ ಎಂಬುದನ್ನು ತೋರಿಸಿಕೊಟ್ಟಿತು. ಸೈಕಲ್ಲಿನಷ್ಟೇ ಮುಖ್ಯವಾದದ್ದು ಅದು ಓಡುವ ಹಾದಿ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದಿರುವ ಕನ್ಸರ್ವೆನ್ಸಿ ಗಲ್ಲಿಗಳನ್ನು ಸೈಕಲ್ಲಿಗೆ ಸಿದ್ಧಪಡಿಸಿದರೆ ಹೊಸ ಭೂಮಿ ಕೊಳ್ಳದೆಯೇ ಒಂದು ಜಾಲ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಂಡೆಗುಂಟ ಸೈಕಲ್ ಪಥ ರೂಪಿಸಿರುವುದು ಅದೇ ಬಗೆಯ ಯೋಚನೆ. ಧಾರವಾಡದ ಮಾತು ಬೇರೆ. ಅಲ್ಲಿನ ಏರು-ಇಳುವುಗಳಲ್ಲಿ ಸೈಕಲ್ ತುಳಿ ಎಂದು ಉಪದೇಶಿಸುವವರು ಮೊದಲು ತಾವೇ ತುಳಿದು ನೋಡಬೇಕು. ಅಲ್ಲಿಗೆ ಬ್ಯಾಟರಿಯ ನೆರವಿನ ಸೈಕಲ್ಲು, ಅದಿಲ್ಲದಿದ್ದರೆ ಬಡಾವಣೆ ಸುತ್ತಿ ನಿಲ್ದಾಣಕ್ಕೆ ಬರುವ ಚಿಕ್ಕ ಬಸ್ಸು ಸರಿ. ಆ ಚಿಕ್ಕ ಬಸ್ಸು 20 ನಿಮಿಷಕ್ಕೊಂದು ಬಂದರೆ ಸರಾಸರಿ ಕಾಯುವಿಕೆಯೇ 10 ನಿಮಿಷ. ಚಿಗರಿ ಪಥದಲ್ಲಿ ಉಳಿಸಿಕೊಟ್ಟ ಸಮಯವೆಲ್ಲ ಅಲ್ಲಿಗೆ ಕರಗಿತು.

ಈಗ ಅದೇ ಹಾದಿಯಲ್ಲಿ ಬಸ್ಸಿನ ಬದಲು ಲಘು ರೈಲು ತರುವ ಮಾತು ಕೇಳಿಬಂದಿದೆ. ಮೀಸಲು ಪಥವನ್ನೇ ತೆಗೆಯಿರಿ ಎಂಬ ಕೂಗೂ ಇದೆ. ರೈಲಿನ ಪರ-ವಿರೋಧ ಚರ್ಚೆ ನಡೆಯಲಿ. ರೈಲು ಬಂದರೂ ಅದರ ನಿಲ್ದಾಣ ರಸ್ತೆಯ ಮಧ್ಯದಲ್ಲಿಯೇ ಇರುತ್ತದೆ, ಜನ ಅಲ್ಲಿಗೆ ನಡೆದೇ ಬರಬೇಕು. ದಾಟಬೇಕಾದ ರಸ್ತೆಯ ಅಗಲ 12 ಮೀಟರ್ ಎಂದಿಟ್ಟುಕೊಳ್ಳಿ. ಕಸುವುಳ್ಳವರು ಸೆಕೆಂಡಿಗೆ 1.2 ಮೀಟರಿನಂತೆ ನಡೆದು 10 ಸೆಕೆಂಡಿನಲ್ಲಿ ದಾಟುತ್ತಾರೆ. ಉಣಕಲ್ಲಿನ ಆ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ 15 ಸೆಕೆಂಡು ಬೇಕಾಗುತ್ತದೆ. ಪಾದಚಾರಿ ಸಿಗ್ನಲ್ಲಿನ ಹಸಿರು ದೀಪಕ್ಕೆ ಆ 5 ಸೆಕೆಂಡನ್ನು ಸೇರಿಸುವುದಕ್ಕೆ ಹೊಸ ಯೋಜನಾ ವರದಿ ಬೇಕಾಗಿಲ್ಲ, ನಿಯಂತ್ರಣ ಪೆಟ್ಟಿಗೆಯಲ್ಲಿ ಒಂದು ಅಂಕಿಯನ್ನು ಬದಲಿಸಿದರೆ ಆಯಿತು.

ನಮಸ್ಕಾರ.